ಹಳೆಯ ಚಿತ್ರದ ಬಚ್ಚಂಗಾಯಿ: ಫಾರ್ವರ್ಡ್ ಮಾಡುವ ಮೊದಲು ಸರಿಯಾಗಿ ನೋಡಿ

ಬೇಸಿಗೆ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ರಸ್ತೆ ಬದಿಯಲ್ಲಿ ಬಚ್ಚಂಗಾಯಿ (ಕಲ್ಲಂಗಡಿ) ರಾಶಿ. ಮೊಬೈಲಿನಲ್ಲಿ ಅದರ ಬಗ್ಗೆ ಫಾರ್ವರ್ಡ್‌ಗಳೂ ಅಷ್ಟೇ. ಅವುಗಳಲ್ಲಿ ಒಂದು ಹಳೆಯ ವರ್ಣಚಿತ್ರ: ಕತ್ತರಿಸಿದ ಹಣ್ಣಿನೊಳಗೆ ಬಿಳಿ ಸುರುಳಿಗಳು, ನಡುನಡುವೆ ಮಾತ್ರ ಕೆಂಪು. ‘ಹಿಂದೆ ಹಣ್ಣು ಹೀಗಿತ್ತು, ಈಗಿನದು ಕೃತಕ’ ಎಂಬ ಒಕ್ಕಣೆ. ಇದು ನಿಜವೇ?

ಚಿತ್ರ ನಿಜ. ಇಟಲಿಯ ಜೊವಾನ್ನಿ ಸ್ಟಾಂಕಿ 1645–1672ರ ನಡುವೆ ಬರೆದದ್ದು. ಒಕ್ಕಣೆ ಮಾತ್ರ ತಪ್ಪು. ರೈತರು ತಲೆಮಾರುಗಳಿಂದ ಒಳ್ಳೆಯ ಹಣ್ಣಿನ ಬೀಜವನ್ನೇ ಉಳಿಸಿ ಬಿತ್ತಿದ್ದರಿಂದ ತಿರುಳು ಬದಲಾಗಿದೆ, ಅದು ಕೃತಕವಲ್ಲ. ಸರಿಯಾಗಿ ಬಲಿಯದ ಅಥವಾ ಒಳಗೆ ಟೊಳ್ಳಾದ ಹಣ್ಣು ಇಂದಿಗೂ ಹೀಗೆ ಕಾಣಬಹುದು. ಅದೇ ಶತಮಾನದ ಬೇರೆ ಚಿತ್ರಗಳಲ್ಲಿ ಕೆಂಪು ತಿರುಳಿನ ಹಣ್ಣೂ ಇದೆ.

ಹೂಹಣ್ಣುಗಳ ಇಂಥ ಸ್ಥಿರಚಿತ್ರ ಫೋಟೋ ಅಲ್ಲ, ನಮ್ಮ ಬಿಸು ಕಣಿಯ ಹಾಗೆ. ಕಣಿಗೆ ಸೌತೆಕಾಯಿ, ಹಣ್ಣು, ಹೂವು, ಕನ್ನಡಿಯನ್ನು ನಾವು ಆರಿಸಿ ಜೋಡಿಸುತ್ತೇವೆ. ಕಲಾವಿದರೂ ಹಾಗೆಯೇ. ಡಚ್ ಕಲಾವಿದರು ಬೇರೆ ಬೇರೆ ಋತುಗಳಲ್ಲಿ ಅರಳುವ ಹೂಗಳನ್ನು ಒಂದೇ ಹೂದಾನಿಯಲ್ಲಿ ಬಿಡಿಸಿದ್ದುಂಟು.

ಹಾಗಾದರೆ ನೋಡುವುದು ಹೇಗೆ? ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ. ಬೆಳಕು ಯಾವ ಕಡೆಯಿಂದ ಬಿದ್ದಿದೆ? ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಎಲೆ ಬಾಡಿದೆಯೇ? ಕರವಾಜೊ ಸುಮಾರು 1599ರಲ್ಲಿ ಬರೆದ ಹಣ್ಣಿನ ಬುಟ್ಟಿಯಲ್ಲಿ ಸೇಬಿನ ಹುಳುಕನ್ನೂ ಬಿಟ್ಟಿಲ್ಲ.

ಇಷ್ಟು ನೋಡಿದ ಮೇಲೆ ಖಂಡಿತ ಹಂಚಿಕೊಳ್ಳಿ. ಆದರೆ ಆ ಒಕ್ಕಣೆಯನ್ನು ಅಳಿಸಿ!