ಆಸ್ಪತ್ರೆಗೆ ತಲಪಾಡಿ ದಾಟುವುದು ತಪ್ಪುವುದು ಯಾವಾಗ?

ಎಲ್ಲರಿಗೂ ಆರೋಗ್ಯ: ಶಾಸಕರು, ಸಂಸದರು ಮಾಡಬಹುದಾದ್ದು ಬೇಕಾದಷ್ಟು ಉಂಟು

ಕಾಸರಗೋಡು: ಜ್ವರ, ಶೀತಕ್ಕೆ ಊರ ಡಾಕ್ಟ್ರು, ಎದೆನೋವು ಬಂತೆಂದರೆ ಮಂಗಳೂರು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ಅದಕ್ಕಿಂತ ದೂರ. ದಾರಿ ಹತ್ತಿರ, ಭಾಷೆ ಗೊತ್ತು, ಅಲ್ಲಿ ಒಬ್ಬರಾದರೂ ನೆಂಟರು ಇರುತ್ತಾರೆ. ಹಾಗಾಗಿ ತಲಪಾಡಿ ದಾಟುವುದು ಅಭ್ಯಾಸವಾಗಿಬಿಟ್ಟಿದೆ.

ಆ ಅಭ್ಯಾಸಕ್ಕೆ ಏಕಾಏಕಿ ಬೇಲಿ ಬಿದ್ದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಹಲವು ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಆಂಬ್ಯುಲೆನ್ಸ್‌ಗಳು ತಲಪಾಡಿಯಿಂದ ಹಿಂದೆ ಬಂದವು. ಸಮಯಕ್ಕೆ ಚಿಕಿತ್ಸೆ ಸಿಗದೆ ಗಡಿಯ ಈಚೆ ಹಲವರು ಪ್ರಾಣ ಬಿಟ್ಟರು. ರಾಷ್ಟ್ರೀಯ ಹೆದ್ದಾರಿಯ ತಡೆ ತೆಗೆಸಬೇಕೆಂದು ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕಾಸರಗೋಡು ಸಂಸದ ರಾಜಮೋಹನ್ ಉಣ್ಣಿತ್ತಾನ್ ಅವರೂ ಅಲ್ಲಿ ಅರ್ಜಿ ಹಾಕಿದರು. ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಎರಡೂ ರಾಜ್ಯಗಳು ಒಂದು ಕ್ರಮಕ್ಕೆ ಒಪ್ಪಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು.

ಮುಗಿದದ್ದು ಪ್ರಕರಣ. ಅದರ ಹಿಂದಿನ ಪ್ರಶ್ನೆ ಹಾಗೆಯೇ ಉಳಿಯಿತು: 1984ರಲ್ಲಿ ಹುಟ್ಟಿದ ಒಂದು ಜಿಲ್ಲೆಯ ಜನ ಎದೆನೋವಿಗೆ ಪಕ್ಕದ ರಾಜ್ಯವನ್ನೇ ನಂಬಿ ಕೂರಬೇಕಾದ ಪರಿಸ್ಥಿತಿ ಯಾಕೆ ಬಂತು? ಇಷ್ಟು ವರ್ಷ ನಾವು ವಿಧಾನಸಭೆಗೆ, ಲೋಕಸಭೆಗೆ ಕಳಿಸಿದವರು ಏನು ಕೇಳಿದರು, ಏನು ತಂದರು?

ಕಲ್ಲು ಹಾಕಿದ್ದು 2013ರಲ್ಲಿ

ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿನ ಕಥೆ ಗಡಿನಾಡಿನವರಿಗೆ ಬಾಯಿಪಾಠ. ಮುಖ್ಯಮಂತ್ರಿ ಉಮ್ಮನ್ ಚಾಂಡಿ 2013ರ ನವೆಂಬರ್‌ನಲ್ಲಿ ಶಿಲಾನ್ಯಾಸ ಮಾಡಿದರು. ಆಮೇಲೆ ಸರ್ಕಾರ ಬದಲಾಯಿತು, ಕೆಲಸ ಆಮೆ ನಡಿಗೆಯಾಯಿತು. 2020ರ ಏಪ್ರಿಲ್‌ನಲ್ಲಿ, ಗಡಿ ಮುಚ್ಚಿದ್ದರಿಂದಲೇ ಎನ್ನಬೇಕು, ಅಲ್ಲಿನ ಅಕಾಡೆಮಿಕ್ ಬ್ಲಾಕನ್ನು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ವೈದ್ಯರ ತಂಡ ತಿರುವನಂತಪುರದಿಂದ ಬರಬೇಕಾಯಿತು. ಹೊರರೋಗಿ ವಿಭಾಗ ಶುರುವಾದದ್ದು 2022ರ ಜನವರಿಯಲ್ಲಿ. ಎಂಬಿಬಿಎಸ್‌ನ 50 ಸೀಟುಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ವಯನಾಡಿನ ಕಾಲೇಜಿಗೂ ಅದೇ ಹೊತ್ತಿಗೆ 50 ಸೀಟು ಬಂತು. ಕಲ್ಲು ಹಾಕಿದ್ದಕ್ಕೂ ಸೀಟು ಬಂದದ್ದಕ್ಕೂ ನಡುವೆ ಹನ್ನೆರಡು ವರ್ಷ. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಪ್ಲಸ್ ಟು ಮುಗಿಸಿತು.

ಚಟ್ಟಂಚಾಲ್ ಬಳಿ ತೆಕ್ಕಿಲ್‌ನಲ್ಲಿ ಟಾಟಾ ಸಂಸ್ಥೆ ಕಟ್ಟಿಕೊಟ್ಟ ಕೋವಿಡ್ ಆಸ್ಪತ್ರೆಯೂ ನೆನಪಿರಬಹುದು. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಕೈಗೆ ಬಂತು. ಕಂಟೇನರ್ ಮಾದರಿಯ ಘಟಕಗಳು, ಐನೂರಕ್ಕೂ ಹೆಚ್ಚು ಹಾಸಿಗೆ. ಕೋವಿಡ್ ಇಳಿದ ಮೇಲೆ ಅದಕ್ಕೆ ಕೆಲಸವೇ ಇಲ್ಲದಾಯಿತು.

ಇದರಿಂದ ಒಂದು ವಿಷಯ ಸ್ಪಷ್ಟ. ಕಟ್ಟಡ ಎಬ್ಬಿಸುವುದು ಕಷ್ಟವಲ್ಲ. ಅದರೊಳಗೆ ಕೂರುವ ತಜ್ಞ ವೈದ್ಯ, ನರ್ಸ್, ಲ್ಯಾಬ್ ಟೆಕ್ನೀಷಿಯನ್‌ಗಳ ಹುದ್ದೆ ಮಂಜೂರು ಮಾಡಿಸುವುದು ಕಷ್ಟ. ಆರೋಗ್ಯ ಇಲಾಖೆ ಪ್ರಸ್ತಾವ ಕಳಿಸಬೇಕು, ಹಣಕಾಸು ಇಲಾಖೆ ಒಪ್ಪಬೇಕು, ಸಂಪುಟ ಮುದ್ರೆ ಒತ್ತಬೇಕು, ಮತ್ತೆ ಪಿಎಸ್‌ಸಿ ನೇಮಕ. ಬಂದವರು ಆರು ತಿಂಗಳಲ್ಲಿ ತಮ್ಮ ಊರ ಕಡೆಗೆ ವರ್ಗ ಮಾಡಿಸಿಕೊಂಡರೆ ಮತ್ತೆ ಮೊದಲಿನಿಂದ. ಶಾಸಕರ ನಿಧಿಯಿಂದ ಆಂಬ್ಯುಲೆನ್ಸ್ ಕೊಟ್ಟು ರಿಬ್ಬನ್ ಕತ್ತರಿಸಿದರೆ ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ನಾವೂ ಹಾಕುತ್ತೇವೆ. ಹೃದ್ರೋಗ ತಜ್ಞರ ಹುದ್ದೆ ಮಂಜೂರಾದರೆ ಫೋಟೊ ಇರುವುದಿಲ್ಲ. ಆಂಬ್ಯುಲೆನ್ಸ್ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಆ ಆಂಬ್ಯುಲೆನ್ಸ್ ರೋಗಿಯನ್ನು ಒಯ್ಯುವುದು ಎಲ್ಲಿಗೆ? ಮಂಗಳೂರಿಗೇ.

ಸದನದಲ್ಲಿ ಇರುವ ದಾರಿಗಳು

ಕೇರಳ ವಿಧಾನಸಭೆಯಲ್ಲಿ 1980ರಿಂದ ವಿಷಯ ಸಮಿತಿಗಳ ಪದ್ಧತಿ ಉಂಟು. ಬಜೆಟ್ ಮಂಡಿಸಿದ ಮೇಲೆ ಪ್ರತಿ ಇಲಾಖೆಯ ಹಣದ ಬೇಡಿಕೆ ಈ ಸಮಿತಿಗಳ ಮುಂದೆ ಬರುತ್ತದೆ. ಮಸೂದೆಗಳೂ ಹೆಚ್ಚಾಗಿ ಇಲ್ಲಿ ಪರಿಶೀಲನೆಯಾಗಿಯೇ ಸದನಕ್ಕೆ ಹೋಗುತ್ತವೆ. ಆರೋಗ್ಯಕ್ಕೂ ಒಂದು ಸಮಿತಿ ಇದೆ. ಕಾಸರಗೋಡಿನ ತಾಲೂಕು ಆಸ್ಪತ್ರೆಗೆ ಎಷ್ಟು ಹಣ, ಎಷ್ಟು ಹುದ್ದೆ ಎಂದು ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಪ್ರಶ್ನೋತ್ತರ ಅವಧಿ ಇದೆ, ಗಮನ ಸೆಳೆಯುವ ಸೂಚನೆ ಇದೆ, ಸಬ್‌ಮಿಷನ್ ಇದೆ. ಮಂತ್ರಿ ಸದನದಲ್ಲಿ ಕೊಟ್ಟ ಭರವಸೆ ಈಡೇರಿತೋ ಇಲ್ಲವೋ ನೋಡಲು ಇನ್ನೊಂದು ಸಮಿತಿಯೂ ಇದೆ.

ಇವನ್ನೆಲ್ಲ ಹಿಡಿದು ಕೆಲಸ ಆದದ್ದಕ್ಕೆ ಉದಾಹರಣೆಗಳೂ ಹತ್ತಿರವೇ ಇವೆ. ಹಣಕಾಸು ಮಂತ್ರಿಯಾಗಿದ್ದ ಕೆ.ಎಂ. ಮಾಣಿ 2011ರಲ್ಲಿ ಕಾರುಣ್ಯ ಲಾಟರಿ ತಂದು, ಅದರ ಲಾಭವನ್ನು ಕ್ಯಾನ್ಸರ್, ಕಿಡ್ನಿ, ಹೃದಯ ರೋಗಿಗಳ ನೆರವಿಗೆ ತಿರುಗಿಸಿದರು. ಲಾಟರಿ ಹಣದಲ್ಲಿ ಮದ್ದು ಎಂಬುದು ವಿಚಿತ್ರ ಎನ್ನಿಸಬಹುದು, ಆದರೆ ಡಯಾಲಿಸಿಸ್ ಮಾಡಿಸಿಕೊಂಡವರಿಗೆ ಅದು ವಿಚಿತ್ರ ಅನ್ನಿಸಲಿಲ್ಲ. ಸಹಕಾರಿ ಸಂಸ್ಥೆಯಾಗಿದ್ದ ಪರಿಯಾರಂ ಮೆಡಿಕಲ್ ಕಾಲೇಜನ್ನು 2018ರಲ್ಲಿ ಸುಗ್ರೀವಾಜ್ಞೆ ಮೂಲಕ ಸರ್ಕಾರ ವಹಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಂಚಾಯತುಗಳ ಕೈಗೆ ಒಪ್ಪಿಸಿದ್ದು ತೊಂಬತ್ತರ ದಶಕದ ತೀರ್ಮಾನ. 2017ರಲ್ಲಿ ಆರ್ದ್ರಂ ಯೋಜನೆ ಬಂದ ಮೇಲೆ ಅವು ಕುಟುಂಬ ಆರೋಗ್ಯ ಕೇಂದ್ರಗಳಾದವು, ಹಲವೆಡೆ ಸಂಜೆಯವರೆಗೂ ಒಪಿ ನಡೆಯಿತು. ನಮ್ಮದೇ ಜಿಲ್ಲೆಯ ಕಯ್ಯೂರು ಕೇಂದ್ರಕ್ಕೆ ರಾಷ್ಟ್ರ ಮಟ್ಟದ ಗುಣಮಟ್ಟ ಪರೀಕ್ಷೆಯಲ್ಲಿ ಶೇ. 99 ಅಂಕ ಬಂತು. ಜಿಲ್ಲೆಯ ತೆಂಕು ತುದಿಯಲ್ಲಿ ಆದದ್ದು ಬಡಗು ತುದಿಯಲ್ಲಿ ಯಾಕೆ ಆಗಬಾರದು ಎಂದು ಮಂಜೇಶ್ವರ ಕಡೆಯವರು ಕೇಳಿದರೆ ತಪ್ಪೇನಿಲ್ಲ.

ಪಡ್ರೆಯ ಲೆಕ್ಕ

ಎಲ್ಲರಿಗೂ ಆರೋಗ್ಯ ಎನ್ನುವಾಗ ಈ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಹೆಸರು ಎತ್ತದೆ ಮುಂದೆ ಹೋಗುವಂತಿಲ್ಲ. ತೋಟಗಾರಿಕಾ ನಿಗಮದ ಗೇರು ತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ವಿಷ ಸುರಿದರು. ನಿಂತದ್ದು 2000ದ ಕೊನೆಗೆ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನಕುಮಾರ್ ರೋಗಗಳನ್ನು ಗಮನಿಸಿದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗಿನ ಲೋಕಕ್ಕೆ ತಿಳಿಸಿದರು. ಮೊದಲು ಕೂಗಿದವರು ಊರವರು. ಸದನ ಕಿವಿಗೊಟ್ಟದ್ದು ಎಷ್ಟೋ ಕಾಲದ ನಂತರ.

ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆ ಅರ್ಜಿ ವಿಚಾರಣೆಗೆ ಬಂದಾಗ 3,704 ಜನರಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಎಂಟೇ ಮಂದಿ! ಕೋರ್ಟ್ ಕೆಂಡಾಮಂಡಲವಾಯಿತು, ಆಮೇಲೆ ಹಣ ಬಿಡುಗಡೆಯಾಯಿತು. ಈ ಐದು ವರ್ಷದಲ್ಲಿ ವಿಧಾನಸಭೆಯಲ್ಲಿ ಐದು ಬಜೆಟ್ ಪಾಸಾಗಿತ್ತು. ಅದೇ 2022ರ ಅಕ್ಟೋಬರ್‌ನಲ್ಲಿ ಸಮಾಜ ಸೇವಕಿ ದಯಾಬಾಯಿ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಉಪವಾಸ ಕೂತದ್ದು ಸಂತ್ರಸ್ತರ ಚಿಕಿತ್ಸೆಗಾಗಿ. ಕೇರಳಕ್ಕೆ ಏಮ್ಸ್ ಕೊಡುವುದಾದರೆ ಆ ಪಟ್ಟಿಯಲ್ಲಿ ಕಾಸರಗೋಡಿನ ಹೆಸರೂ ಇರಲಿ ಎಂಬುದು ಬೇಡಿಕೆಗಳಲ್ಲಿ ಒಂದು. ಎಂಬತ್ತು ದಾಟಿದ ಹೆಂಗಸು ರಸ್ತೆ ಬದಿ ಕೂತು ಕೇಳಿದ್ದನ್ನು ಸದನದ ಒಳಗೆ ಎಲ್ಲ ಪಕ್ಷದವರೂ ಒಟ್ಟಾಗಿ ಕೇಳಿದ್ದರೆ ಚೆನ್ನಾಗಿತ್ತು.

ಕಾರ್ಡ್ ಉಂಟು, ಗಡಿ ದಾಟುತ್ತದಾ?

ಆಯುಷ್ಮಾನ್ ಭಾರತ್ ಶುರುವಾದದ್ದು 2018ರ ಸೆಪ್ಟೆಂಬರ್ 23ರಂದು. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು. ಕೇರಳದಲ್ಲಿ ಇದನ್ನು ಸೇರಿಸಿಕೊಂಡು 2019ರಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಬಂತು, ಸುಮಾರು 42 ಲಕ್ಷ ಕುಟುಂಬಗಳಿಗೆ.

ಗಡಿನಾಡಿನವರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಕಾರ್ಡ್ ನೋಡಲು ಒಂದೇ ತರಹ ಇದ್ದರೂ ಕುಟುಂಬಗಳು ಎರಡು ಬಗೆ. 2011ರ ಸಾಮಾಜಿಕ, ಆರ್ಥಿಕ ಗಣತಿ ಆಧಾರದಲ್ಲಿ ಕೇಂದ್ರದ ಪಟ್ಟಿಯಲ್ಲಿ ಬಂದವರು ಒಂದು, ರಾಜ್ಯ ತನ್ನ ಹಣದಿಂದ ಸೇರಿಸಿದವರು ಇನ್ನೊಂದು. ಕೇಂದ್ರದ ಪಟ್ಟಿಯವರಿಗೆ ಬೇರೆ ರಾಜ್ಯದ ಒಪ್ಪಂದದ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯುವ ಹಕ್ಕು ಉಂಟು. ಎರಡನೆಯವರಿಗೆ ಅದು ತಾನಾಗಿ ಸಿಗುವುದಿಲ್ಲ. ಮೇಲಾಗಿ ಕರ್ನಾಟಕದ ಪದ್ಧತಿಯಲ್ಲಿ ತುರ್ತು ಅಲ್ಲದ ಹಲವು ಚಿಕಿತ್ಸೆಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಅದು ಅಲ್ಲಿಯವರನ್ನು ಮನಸ್ಸಿನಲ್ಲಿ ಇಟ್ಟು ಮಾಡಿದ ಏರ್ಪಾಡು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕಾರ್ಡ್ ಕೈಯಲ್ಲಿದ್ದವರೂ ಕೌಂಟರಿನಲ್ಲಿ ಅಡವಿಟ್ಟ ಚಿನ್ನದ ದುಡ್ಡು ಎಣಿಸುವುದು ಹೀಗೆ.

ಇದನ್ನು ಸರಿಮಾಡುವುದು ಆಸ್ಪತ್ರೆಯವರ ಕೈಯಲ್ಲಿ ಇಲ್ಲ. ಎರಡು ರಾಜ್ಯಗಳ ಆರೋಗ್ಯ ಏಜೆನ್ಸಿಗಳು ಕೂತು ಬರೆದುಕೊಳ್ಳಬೇಕಾದ ಒಪ್ಪಂದ. ಆರೋಗ್ಯ ಸಂವಿಧಾನದಲ್ಲಿ ರಾಜ್ಯ ಪಟ್ಟಿಯ ವಿಷಯ, ಹಾಗಾಗಿ ದೆಹಲಿಯನ್ನು ಕಾಯಬೇಕಾಗಿಲ್ಲ. ಕಾಸರಗೋಡಿನ ಶಾಸಕರೂ ದಕ್ಷಿಣ ಕನ್ನಡದ ಶಾಸಕರೂ ಪಕ್ಷ ಬದಿಗಿಟ್ಟು ತಮ್ಮ ತಮ್ಮ ಸದನದಲ್ಲಿ ಒಂದೇ ವಾರ ಈ ವಿಷಯ ಎತ್ತಬಹುದು. ಗಡಿ ಹಾಗೂ ಭಾಷಾ ಅಲ್ಪಸಂಖ್ಯಾತರ ವಿಷಯ ಚರ್ಚಿಸಲೆಂದೇ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ವಲಯ ಮಂಡಳಿ ಮಾಡಿದ್ದಾರೆ. ನದಿ ನೀರಿನ ಜಗಳ ಅಲ್ಲಿಗೆ ಹೋಗುವುದಾದರೆ ರೋಗಿಯ ಬಿಲ್ ಯಾಕೆ ಹೋಗಬಾರದು?

ಉಳಿದ ಗಡಿಗಳಲ್ಲೂ ಇದೇ ಪಾಡು. ತಾಳವಾಡಿಯವರಿಗೆ ಸತ್ಯಮಂಗಲ ಎಂದರೆ ದಿಂಬಂ ಘಾಟಿಯ 27 ತಿರುವು. ಹತ್ತಿರದ್ದು ಚಾಮರಾಜನಗರ. ಹೊಸೂರು ಭಾಗದ ಕೃಷ್ಣಗಿರಿ ಜಿಲ್ಲೆಯಲ್ಲೇ ತಮಿಳುನಾಡು 2021ರ ಆಗಸ್ಟ್‌ನಲ್ಲಿ ಮನೆ ಬಾಗಿಲಿಗೆ ಬಿಪಿ, ಸಕ್ಕರೆ ಕಾಯಿಲೆಯ ಮದ್ದು ಕೊಡುವ ಯೋಜನೆ ಶುರುಮಾಡಿತು. ಅದು ಒಳ್ಳೆಯ ಕೆಲಸ. ಅಕ್ಕಲಕೋಟೆಯವರು ಕಲಬುರಗಿಗೆ, ಜತ್ತದವರು ವಿಜಯಪುರಕ್ಕೆ ಹೋಗುವುದು ಇದ್ದೇ ಇದೆ. ಆದೋನಿಯ ಹೊಸ ಮೆಡಿಕಲ್ ಕಾಲೇಜನ್ನು ಇತರ ಕೆಲವು ಕಾಲೇಜುಗಳ ಜತೆ ಖಾಸಗಿ ಪಾಲುದಾರಿಕೆಗೆ ಕೊಡುವ ತೀರ್ಮಾನವನ್ನು ಆಂಧ್ರ ಸರ್ಕಾರ 2025ರಲ್ಲಿ ಮಾಡಿತು, ಅದರ ಮೇಲೆ ದೊಡ್ಡ ರಾಜಕೀಯವೇ ಆಯಿತು. ಮಹಾರಾಷ್ಟ್ರವಂತೂ 2023ರಲ್ಲಿ ಕರ್ನಾಟಕದೊಳಗಿನ 865 ಊರುಗಳಿಗೆ ತನ್ನ ಫುಲೆ ಆರೋಗ್ಯ ಯೋಜನೆ ಹಿಗ್ಗಿಸಲು ಹೊರಟಿತು. ಬೆಂಗಳೂರಿನಲ್ಲಿ ಸಿಟ್ಟೆದ್ದಿತು. ಅದು ಗಡಿ ತಂಟೆಯ ರಾಜಕೀಯ, ನಿಜ. ಆದರೂ ಮನಸ್ಸು ಮಾಡಿದರೆ ಒಂದು ರಾಜ್ಯದ ವಿಮೆ ಗಡಿಯಾಚೆ ಹೋಗಬಹುದು ಎಂಬುದನ್ನು ಅದು ತೋರಿಸಿತು. ಜಗಳಕ್ಕೆ ಹಿಗ್ಗಿದ್ದು ಸ್ನೇಹಕ್ಕೂ ಹಿಗ್ಗಬೇಕು.

ಬೆಲ್‌ಗ್ರೇಡ್‌ನಲ್ಲಿ ಕೈ ಎತ್ತಿದವರು

2019ರ ಅಕ್ಟೋಬರ್‌ನಲ್ಲಿ ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ ಅಂತರ್ ಸಂಸದೀಯ ಒಕ್ಕೂಟದ ಸಭೆ ನಡೆಯಿತು. 2030ರೊಳಗೆ ಎಲ್ಲರಿಗೂ ಆರೋಗ್ಯ ರಕ್ಷಣೆ ಮುಟ್ಟಿಸಲು ಸಂಸತ್ತುಗಳು ಕಾನೂನು ಮಾಡಬೇಕು, ಹಣ ಒದಗಿಸಬೇಕು, ಸರ್ಕಾರದ ಮೇಲೆ ಕಣ್ಣಿಡಬೇಕು ಎಂದು ನಿರ್ಣಯವಾಯಿತು. ಲೋಕಸಭಾ ಸ್ಪೀಕರ್ ಓಂ ಬಿರ್ಲಾ ನೇತೃತ್ವದ ನಮ್ಮ ನಿಯೋಗವೂ ಅಲ್ಲಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಜಿಡಿಪಿಯ ಶೇ. 2.5 ಆರೋಗ್ಯಕ್ಕೆ ಎಂದು ಗುರಿ ಇಟ್ಟಿತ್ತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಅದು ಶೇ. 1.84. ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಕೈಯಿಂದಲೇ ಕೊಟ್ಟದ್ದು ಶೇ. 39.4, ಕೇರಳದಲ್ಲಿ ಇದು ದೇಶದ ಸರಾಸರಿಗಿಂತ ಜಾಸ್ತಿ. ರಾಜಸ್ಥಾನ 2023ರ ಮಾರ್ಚ್‌ನಲ್ಲಿ ಆರೋಗ್ಯ ಹಕ್ಕಿನ ಕಾನೂನನ್ನೇ ಪಾಸು ಮಾಡಿತು. ಖಾಸಗಿ ವೈದ್ಯರು ಮುಷ್ಕರ ಹೂಡಿದರು, ನಿಯಮ ಮಾಡುವ ಕೆಲಸ ಎಳೆದಾಡಿತು. ಕಾನೂನು ಮಾಡಿದವರೇ ನಿಯಮದ ಬೆನ್ನು ಹತ್ತದಿದ್ದರೆ ಹೀಗಾಗುತ್ತದೆ.

ಇನ್ನೊಂದು ಮಾತು ಭಾಷೆಯದ್ದು. 2021ರಲ್ಲಿ ಮಂಜೇಶ್ವರ ಶಾಸಕರಾಗಿ ಆಯ್ಕೆಯಾದ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು, ಗಡಿನಾಡು ಹಿಗ್ಗಿತು. ಅದೇ ಕನ್ನಡ ಆಸ್ಪತ್ರೆಯ ಬೋರ್ಡಿನಲ್ಲಿ, ಆಪರೇಷನ್ ಮೊದಲು ಸಹಿ ಹಾಕುವ ಕಾಗದದಲ್ಲಿ, ಮದ್ದಿನ ಚೀಟಿ ವಿವರಿಸುವ ನರ್ಸಿನ ಬಾಯಲ್ಲಿ ಇರಬೇಕು. ಮಲಯಾಳ ಓದಲು ಬಾರದ ಅಜ್ಜಿ ಯಾವುದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆಂದು ತಿಳಿದು ಒತ್ತಬೇಕು. ಮೊಮ್ಮಗ ಶಾಲೆಗೆ ರಜೆ ಹಾಕಿ ದುಭಾಷಿಯಾಗಿ ಬರುವುದು ಎಷ್ಟು ದಿನ?

ಸದ್ಯಕ್ಕೆ ಓದುಗರಿಗೆ ಒಂದು ಸೂಚನೆ. ಮಂಗಳೂರಿಗೆ ಹೊರಡುವ ಮುನ್ನ ನಿಮ್ಮ ಕಾರ್ಡ್ ಕೇಂದ್ರದ ಪಟ್ಟಿಯದ್ದೋ ರಾಜ್ಯದ್ದೋ, ನೀವು ಹೋಗುವ ಆಸ್ಪತ್ರೆ ಒಪ್ಪಂದದಲ್ಲಿ ಇದೆಯೋ ಇಲ್ಲವೋ ಕೇಳಿಕೊಳ್ಳಿ. ಆಯುಷ್ಮಾನ್ ಸಹಾಯವಾಣಿ 14555. ಕೇರಳದ ದಿಶಾ ಸಹಾಯವಾಣಿ 1056. ಕಾರ್ಡಿನ ಜತೆ ಆಧಾರ್, ರೇಷನ್ ಕಾರ್ಡ್ ಒಯ್ಯಿರಿ. ಚಿಕಿತ್ಸೆ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅದರ ಒಂದು ಪ್ರತಿಯನ್ನು ನಿಮ್ಮ ಶಾಸಕರ ಕಚೇರಿಗೆ ಕೊಟ್ಟು ರಸೀದಿ ಪಡೆಯಿರಿ.