ಚಾಕುವಿನ ಅಲಗಿನ ಉಷ್ಣಸಂಸ್ಕರಣೆ

ಚಾಕುವಿನ ಅಲಗಿನ ಉಷ್ಣಸಂಸ್ಕರಣೆ ಎಂದರೆ ಉಕ್ಕಿನ ಅಲಗನ್ನು ನಿಯಂತ್ರಿತವಾಗಿ ಕಾಯಿಸಿ, ತಣಿಸಿ, ಅದರ ಒಳರಚನೆಯನ್ನು ಬದಲಿಸುವ ಪ್ರಕ್ರಿಯೆ. ಆಡುಮಾತಿನಲ್ಲಿ ಇದು ಹದ ಕೊಡುವುದು. ಅಲಗು ಬೇಗ ಮೊಂಡಾದರೆ ಉಕ್ಕನ್ನೇ ದೂರುವುದು ವಾಡಿಕೆ. ಆದರೆ ಹದ ತಪ್ಪಿದರೆ ಉತ್ತಮ ಉಕ್ಕೂ ನಿಷ್ಪ್ರಯೋಜಕವೇ.

ಗಡಸುಗೊಳಿಸುವಿಕೆ

ಸಾಮಾನ್ಯ ಇಂಗಾಲದ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಕಬ್ಬಿಣದ ಸ್ಫಟಿಕ ವಿನ್ಯಾಸ ಬದಲಾಗಿ, ಇಂಗಾಲವು ಅದರೊಳಗೆ ಕರಗುತ್ತದೆ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದು ನಿಲ್ಲುವುದರಿಂದ, ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಅಯಸ್ಕಾಂತವೇ ಅಳತೆಗೋಲಾಗುತ್ತದೆ. ಆ ಹಂತವನ್ನು ಕೊಂಚ ದಾಟಿದ ಅಲಗನ್ನು ತಟ್ಟನೆ ಎಣ್ಣೆಯಲ್ಲಿ ಅಥವಾ ನೀರಿನಲ್ಲಿ ಅದ್ದಲಾಗುತ್ತದೆ. ಹೊರಬರಲು ಅವಕಾಶವಿಲ್ಲದೆ ಸಿಕ್ಕಿಬಿದ್ದ ಇಂಗಾಲವು ಸ್ಫಟಿಕವನ್ನು ಬಿಗಿಗೊಳಿಸುತ್ತದೆ. ಹೀಗೆ ಉಂಟಾಗುವ ಗಡಸು ರಚನೆಗೆ ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ಗೌರವಾರ್ಥ ಮಾರ್ಟೆನ್ಸೈಟ್ ಎಂಬ ಹೆಸರಿದೆ. ನೀರು ಎಣ್ಣೆಗಿಂತ ವೇಗವಾಗಿ ತಣಿಸುತ್ತದೆ. ತೆಳುವಾದ ಅಲಗು ಅದರಲ್ಲಿ ಸೊಟ್ಟಗಾಗುವ, ಬಿರಿಯುವ ಸಂಭವ ಹೆಚ್ಚು. ಅತಿಯಾಗಿ ಕಾಯಿಸಿದರೆ ಉಕ್ಕಿನ ಕಣಗಳು ದಪ್ಪಗಾಗಿ ಅಲಗು ದುರ್ಬಲವಾಗುತ್ತದೆ.

ಮರುಕಾಯಿಸುವಿಕೆ

ಅದ್ದಿ ತೆಗೆದ ಅಲಗು ಗಾಜಿನಂತೆ ಗಡಸು, ಗಾಜಿನಂತೆಯೇ ಭಿದುರ. ಕೈಜಾರಿ ಬಿದ್ದರೂ ಮುರಿದೀತು. ಆದುದರಿಂದ ಅದನ್ನು ಸಾಮಾನ್ಯವಾಗಿ 150ರಿಂದ 250 ಡಿಗ್ರಿಯಲ್ಲಿ ಒಂದೆರಡು ಗಂಟೆ ಮತ್ತೆ ಕಾಯಿಸುತ್ತಾರೆ. ಗಡಸುತನ ಸ್ವಲ್ಪ ಇಳಿದು ತಾಳಿಕೆ ಬರುತ್ತದೆ. ಉಜ್ಜಿ ಹೊಳಪಾಗಿಸಿದ ಉಕ್ಕಿನ ಮೇಲೆ ಆಕ್ಸೈಡಿನ ತೆಳುಪದರ ಬೆಳೆದಂತೆ ಬಣ್ಣಗಳು ಮೂಡುತ್ತವೆ: ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ಅನಂತರ ಕಂದು, ನೇರಳೆ, 300ರ ಸುಮಾರಿಗೆ ನೀಲಿ. ಚಾಕುವಿಗೆ ಹಳದಿ ಸಾಕು. ನೀಲಿಯ ಹದ ಸ್ಪ್ರಿಂಗಿಗೆ ಸರಿ.

ಬಾಯಿಯ ಬಾಳಿಕೆ

ಮೆತ್ತಗಿನ ಅಲಗಿನ ಬಾಯಿ ಮಡಚಿಕೊಳ್ಳುತ್ತದೆ. ಅತಿ ಗಡಸಾದದ್ದು ಚಕ್ಕೆ ಏಳುತ್ತದೆ. ಅಡುಗೆಮನೆಯ ಚಾಕುಗಳ ಗಡಸುತನ ಸಾಮಾನ್ಯವಾಗಿ ರಾಕ್‌ವೆಲ್ ಸಿ ಮಾಪನದಲ್ಲಿ 55ರಿಂದ 62. ಕಟ್ಟಿಗೆ ಕಡಿಯುವ ಮಚ್ಚಿಗೆ ಪೆಟ್ಟು ತಾಳುವ ಗುಣವೇ ಮುಖ್ಯವಾದ್ದರಿಂದ ಅದನ್ನು ಇನ್ನೂ ಮೆತ್ತಗೆ ಬಿಡಲಾಗುತ್ತದೆ.

ಹದ ಕೆಡುವುದು ಬಹುಮಟ್ಟಿಗೆ ಸಾಣೆಯಲ್ಲಿ. ವೇಗವಾಗಿ ತಿರುಗುವ ಒಣ ಸಾಣೆಚಕ್ರಕ್ಕೆ ಒತ್ತಿ ಹಿಡಿದರೆ ತೆಳುವಾದ ಬಾಯಿ ಕ್ಷಣಾರ್ಧದಲ್ಲಿ ಕಾಯುತ್ತದೆ. ಅಲ್ಲಿ ನೀಲಿ ಕಂಡರೆ ಆ ಭಾಗದ ಗಡಸುತನ ಇಳಿದಿದೆ ಎಂದರ್ಥ. ಬಣ್ಣವನ್ನು ಮಾತ್ರ ಉಜ್ಜಿ ಅಳಿಸಿದರೆ ಹದ ಮರಳುವುದಿಲ್ಲ. ಆ ಭಾಗವನ್ನೇ ಸವೆಸಿ ತೆಗೆಯಬೇಕು, ಇಲ್ಲವೆ ಅಲಗನ್ನು ಹೊಸದಾಗಿ ಸಂಸ್ಕರಿಸಬೇಕು. ಸಾಣೆ ಹಿಡಿಯುವಾಗ ಅಲಗನ್ನು ಆಗಾಗ್ಗೆ ನೀರಿನಲ್ಲಿ ಅದ್ದುವುದು ಇದೇ ಕಾರಣಕ್ಕೆ. ಕುದಿಯುವ ನೀರಿನಿಂದ ಹದ ಕೆಡದು. ಒಲೆಯ ಉರಿಗೆ ಹಿಡಿದರೆ ಕೆಡುತ್ತದೆ.