ಕೆರೆ ದಂಡೆಯ ಕಳೆ: ಬರಿಗೈಯಲ್ಲಿ ಕೀಳಬೇಡಿ

“ಇನ್ನು ಇವನನ್ನು ಕೆರೆ ಕೆಲಸಕ್ಕೆ ಕಳಿಸೋಲ್ಲ ಡಾಕ್ಟ್ರೇ!” ಕಗ್ಗದಾಸಪುರದ ತಾಯಿಯೊಬ್ಬರು ಮಗನನ್ನು ನನ್ನ ಮುಂದೆ ಕೂರಿಸಿ ಹೇಳಿದರು. ವರ್ಷಗಟ್ಟಲೆ ಕೊಳಚೆ ಸೇರಿ, ಜಲಕಳೆ ಹಬ್ಬಿ ಸೊರಗಿದ್ದ ಬಡಾವಣೆಯ ಕೆರೆ ದಂಡೆಯಲ್ಲಿ ಆತ ಗೆಳೆಯರೊಡನೆ ಭಾನುವಾರಗಳಂದು ಕಳೆ ಕಿತ್ತು ಸಸಿ ನೆಡುತ್ತಾನೆ. ಈಗ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೆಂಪು ಗಂಧೆ, ತಡೆಯಲಾರದ ನವೆ. ಕಾರಣ ಪಾರ್ಥೇನಿಯಂ, ಅಂದರೆ ನಾವೆಲ್ಲ ಬಲ್ಲ ಕಾಂಗ್ರೆಸ್ ಹುಲ್ಲು.

ಅಮೆರಿಕ ಖಂಡದ ಈ ಕಳೆ 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಹಲವರ ಚರ್ಮಕ್ಕೆ ಒಗ್ಗದು. ಮೊದಲ ದಿನವೇ ತೊಂದರೆ ಆಗಬೇಕೆಂದಿಲ್ಲ. ಮತ್ತೆ ಮತ್ತೆ ಸೋಕಿದ ಮೇಲೆ ಅಲರ್ಜಿ ತಲೆಯೆತ್ತುತ್ತದೆ. ಒಮ್ಮೆ ಬಂದರೆ ವರ್ಷಗಟ್ಟಲೆ ಕಾಡಬಹುದು. ಪರಾಗ ಮೂಗು ಸೇರಿದರೆ ಸೀನು, ಕೆಲವರಿಗೆ ಉಬ್ಬಸ.

ಹಾಗೆಂದು ಮಕ್ಕಳನ್ನು ತಡೆಯಬೇಡಿ. ಕಳೆ ಉಳಿದರೆ ಬಡಾವಣೆಗೇ ತೊಂದರೆ. ಕೆಲಸ ಕ್ರಮವಾಗಿರಲಿ, ಅಷ್ಟೆ.

• ಹೂ ಬಿಡುವ ಮೊದಲು, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಕಿತ್ತದ್ದನ್ನು ಸುಡಬಾರದು.

• ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಬೂಟು, ಮೂಗಿಗೆ ಮಾಸ್ಕ್ ಇರಲಿ.

• ಮನೆಗೆ ಬಂದೊಡನೆ ಸೋಪು ಹಚ್ಚಿ ಸ್ನಾನ ಮಾಡಲಿ. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

• ಕೊಳಚೆ ನೀರಿಗೆ ಇಳಿಯಬಾರದು, ಗಾಯವಿದ್ದರಂತೂ ಕೂಡದು. ಇಲಿ ಜ್ವರದ ಭಯವುಂಟು. 10 ಮತ್ತು 16ನೇ ವಯಸ್ಸಿನ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಿ.

• ಗಂಧೆ ಎದ್ದರೆ ಕಂಡ ಮುಲಾಮು ಹಚ್ಚದೆ ವೈದ್ಯರಿಗೆ ತೋರಿಸಿ.

ಕಿತ್ತ ಜಾಗವನ್ನು ಬರಿದಾಗಿ ಬಿಟ್ಟರೆ ಕಳೆಯೇ ಮರಳುತ್ತದೆ. ಅಲ್ಲಿ ನಮ್ಮ ನೆಲದ ತಂಗಡಿ ಬೀಜ ಚೆಲ್ಲಲಿ. ಅದು ಒತ್ತಾಗಿ ಬೆಳೆದು ಪಾರ್ಥೇನಿಯಂ ಅನ್ನು ಹಿಂದಕ್ಕೆ ತಳ್ಳುತ್ತದೆ. ದಂಡೆಗೆ ಹೊಂಗೆ, ನೇರಳೆ ಒಗ್ಗುತ್ತವೆ. ಪಾರ್ಥೇನಿಯಂ ಎಲೆ ಮೇಯುವ, ಕಂದು ಪಟ್ಟೆಯ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಈ ಕಳೆಯನ್ನು ಹತ್ತಿಕ್ಕಲೆಂದೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಟ್ಟ ಕೀಟವದು.

ಆ ಹುಡುಗನಿಗೆ ಔಷಧಿ ಕೊಟ್ಟೆ. ಅಲರ್ಜಿ, ಉಬ್ಬಸ, ಇಸಬು ಇರುವವರು ಈ ಕಳೆಯನ್ನು ಮುಟ್ಟದಿರುವುದೇ ಲೇಸು. ಆದ್ದರಿಂದ ಕೀಳುವುದನ್ನು ಗೆಳೆಯರಿಗೆ ಬಿಟ್ಟು, ಕಳೆ ತೆಗೆದ ಜಾಗದಲ್ಲಿ ಸಸಿಗಳಿಗೆ ನೀರೆರೆಯಲು ಹೇಳಿದೆ. ಬೇಸಿಗೆಯಲ್ಲಿ ಸಸಿ ಉಳಿಸುವವರೂ ಬೇಕಲ್ಲ! ತಾಯಿ ಒಪ್ಪಿದರು.

ನಿಮ್ಮ ಮನೆಯ ಮಕ್ಕಳೂ ಮುಂದಿನ ಭಾನುವಾರ ಹೊರಟಾರು. ಬೇಡವೆನ್ನಬೇಡಿ, ಕೈಗವಸು ಕೊಟ್ಟು ಕಳಿಸಿ.